ಎಲ್ಲರೂ ಏಳು ಕೆಜಿ ಹಗುರ

ಹದಿನೇಳು ವರ್ಷದಿಂದ ಈ ದ್ವೀಪದ ಜನರನ್ನು ತೂಗುತ್ತಿದ್ದೇನೆ. ಅವರ ಮೇಲೆ ನನಗೆ ಗೌರವ ಉಳಿದಿಲ್ಲವೆಂದರೆ ಅದರಲ್ಲಿ ನನ್ನ ತಪ್ಪೇನೂ ಇಲ್ಲ. ತೂಕದ ಹಲಗೆಯ ಮೇಲೆ ನಿಂತ ಮನುಷ್ಯನ ಮುಖವನ್ನು ದಿನಾ ಎದುರಿಗೆ ಕೂತು ನೋಡಿದರೆ ಯಾರಿಗಾದರೂ ಹೀಗೇ ಆಗುತ್ತದೆ. ಹತ್ತಿದ ಕೂಡಲೇ ಉಸಿರು ಹಿಡಿಯುತ್ತಾರೆ, ಗಾಳಿಗೂ ತೂಕವಿದೆಯೇನೋ ಎಂಬಂತೆ. ಕಟ್ಟಡದ ಗುತ್ತಿಗೆದಾರ ಕೌಂಟರಿನ ಅಂಚನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿ ಹಿಡಿಯುತ್ತಾನೆ, ನನಗೆ ಕಾಣುವುದಿಲ್ಲ ಅಂದುಕೊಂಡು. ಹೆಡ್‌ಮೇಷ್ಟ್ರ ಹೆಂಡತಿ ಕೈಚೀಲ, ಛತ್ರಿ, ಕನ್ನಡಕ ಎಲ್ಲವನ್ನೂ ಗಂಡನ ಕೈಗೆ ಕೊಟ್ಟು ಹತ್ತುತ್ತಾಳೆ. ಆಮೇಲೆ ಅದೇ ಗಂಡ ಅದೇ ಸಾಮಾನು ಹಿಡಿದುಕೊಂಡು ಹತ್ತಿದಾಗ, "ಏನ್ರೀ ಇದು, ನೀವು ಇಷ್ಟು ದಪ್ಪ ಆಗ್ಬಿಟ್ರಿ" ಎಂದು ನಗುತ್ತಾಳೆ. ತಮಗೆ ತಾವೇ ಹೇಳಿಕೊಂಡ ಸುಳ್ಳನ್ನು ಯಂತ್ರವೂ ನಂಬಲಿ ಎಂಬ ಆಸೆ ಇವರಿಗೆ.

ನಮ್ಮದು ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ, ಎರಡು ಪ್ರೊಪೆಲರಿನದು. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಆಚೆ ದಡಕ್ಕೆ ಇಪ್ಪತ್ತೆರಡು ನಿಮಿಷ. ನಮ್ಮ ರನ್‌ವೇ ಗಿಡ್ಡ, ಅದರ ಎರಡು ತುದಿಯಲ್ಲೂ ಬಂಡೆ, ಬಂಡೆಯಾಚೆ ಸಮುದ್ರ. ಆದ್ದರಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ತೂಗಿ, ಯಾರು ಮುಂದೆ ಯಾರು ಹಿಂದೆ ಎಂದು ಕೂರಿಸಿ, ಒಟ್ಟು ತೂಕವನ್ನು ಲೋಡ್ ಶೀಟ್ ಎಂಬ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡುವುದು ನನ್ನ ಕೆಲಸ. ಆ ಕಾಗದ ನೋಡಿಯೇ ಕ್ಯಾಪ್ಟನ್ ಎಷ್ಟು ದೂರ ಓಡಿಸಿ ಎಲ್ಲಿ ಎತ್ತಬೇಕೆಂದು ನಿರ್ಧರಿಸುತ್ತಾನೆ. ಅಂಕಿ ಕಾಣುವ ಪರದೆ ನನ್ನ ಕಡೆಗೆ ಮಾತ್ರ ತಿರುಗಿದೆ. ಊರಿನವರು ನನಗೆ ತಕ್ಕಡಿಯಮ್ಮ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಹೇಳುವ ಧೈರ್ಯ ಒಬ್ಬರಿಗೂ ಇಲ್ಲ.

ಮೇಜಿನ ಒಳಗೆ ನನ್ನದೇ ಒಂದು ನೋಟ್‌ಬುಕ್ ಇದೆ. ಕಂಪನಿ ಕೇಳಿದ್ದಲ್ಲ. ತಾರೀಕು ಹಾಕಿ ಅಂದಂದಿನ ಪ್ರಯಾಣಿಕರ ತೂಕ ಬರೆದಿಡುತ್ತೇನೆ. ಈ ಊರಿನಲ್ಲಿ ಯಾರು ಯಾವಾಗ ಎಷ್ಟಿದ್ದರು ಎಂದು ಕೇಳಿ, ಪುಟ ತಿರುವದೆ ಹೇಳುತ್ತೇನೆ. ಔಷಧಿ ಅಂಗಡಿಯವ ಎಪ್ಪತ್ತಾರು. ಅಂಚೆಯವಳು ಅರವತ್ತೆರಡು, ಮಳೆಗಾಲದಲ್ಲಿ ಅರವತ್ತನಾಲ್ಕು. ದರ್ಜಿ ಐವತ್ತೆಂಟು, ಮದುವೆಯಾದಾಗಿನಿಂದ ಒಂದು ಗ್ರಾಂ ಹೆಚ್ಚಿಲ್ಲ. ನನ್ನ ಮಗಳು ಎಂಟನೇ ವಯಸ್ಸಿನಲ್ಲಿ ಇಪ್ಪತ್ತಮೂರು. ದಿನಾ ಸಂಜೆ ಶಾಲೆ ಬಿಟ್ಟಮೇಲೆ ಇಲ್ಲೇ ಈ ಕೌಂಟರಿನ ಹಿಂದೆ ಕೂತು ತೂಕಗಳನ್ನು ಕೂಡುತ್ತಾ ಲೆಕ್ಕ ಕಲಿತಳು. ಈಗ ಅವಳು ಇದೇ ಕಂಪನಿಯಲ್ಲಿ ಕೋ-ಪೈಲಟ್. ಆಚೆ ದಡದಲ್ಲಿ ಇರುತ್ತಾಳೆ, ಬೇರೆ ದ್ವೀಪಗಳಿಗೆ ಹಾರುತ್ತಾಳೆ. ನಾನು ಜೀವನದಲ್ಲಿ ಮನಸಾರೆ ಮೆಚ್ಚಿದ ವಸ್ತುಗಳು ಎರಡು: ಈ ಹಲಗೆ ಮತ್ತು ಆ ಹುಡುಗಿ.

ನಮ್ಮ ಸ್ಟೇಷನ್ ಮ್ಯಾನೇಜರ್ ನನ್ನ ಮೈದುನ. ಗಂಡನ ತಮ್ಮ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೇಲಿನವರನ್ನು ಕಂಡರೆ ಅವನ ಬೆನ್ನುಮೂಳೆ ಕರಗಿ ನೀರಾಗುತ್ತದೆ, ಕೆಳಗಿನವರನ್ನು ಕಂಡರೆ ಮತ್ತೆ ಗಟ್ಟಿಯಾಗುತ್ತದೆ. ಆ ಕುರ್ಚಿ ನನಗೆ ಬರಬೇಕಾಗಿತ್ತು. ಇವನಿಗೆ ಟೈ ಕಟ್ಟಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಇವನಿಗೆ ಹೋಯಿತು.

ಭಾನುವಾರ ಬೆಳಗ್ಗೆ ಹಲ್ಲು ಗಿಂಜುತ್ತಾ ಬಂದ.

"ಅತ್ತಿಗೆ, ಬುಧವಾರ ಕಂಪನಿ ಯಜಮಾನರು ಬರ್ತಿದ್ದಾರೆ. ಜೊತೆಗೆ ನಾಲ್ಕು ಜನ ದೊಡ್ಡೋರು. ಬೆಳಗ್ಗೆ ಬಂದು ಎಲ್ಲಾ ನೋಡ್ಕೊಂಡು ಮಧ್ಯಾಹ್ನದ ಫ್ಲೈಟಿಗೆ ವಾಪಸ್."

"ಬರಲಿ. ನಾನೇನು ಕುಣೀಬೇಕಾ?"

"ಅದಲ್ಲ. ಅಂಥವರನ್ನ ಮೂಟೆ ತೂಗಿದ ಹಾಗೆ ತೂಗೋದು ಚೆನ್ನಾಗಿರಲ್ಲ ಅತ್ತಿಗೆ. ಅದಕ್ಕೆ ಒಂದು ಐಡಿಯಾ ಮಾಡಿದ್ದೀನಿ. ತೂಗ್ತಿದ್ದೀವಿ ಅನ್ನೋದೇ ಗೊತ್ತಾಗಬಾರದು."

ಅವನ ಐಡಿಯಾ ಅಂದರೆ ಕಾರ್ಪೆಟ್. ಬಾಗಿಲಿನಿಂದ ಕೌಂಟರಿನವರೆಗೆ ಕೆಂಪು ಕಾರ್ಪೆಟ್ ಹಾಸಿ ಹಲಗೆಯನ್ನು ಮುಚ್ಚಿಬಿಡುವುದು. ಜನ ಟಿಕೆಟ್ ತೋರಿಸಲು ಕೌಂಟರಿನ ಮುಂದೆ ಬಂದು ನಿಂತರೆ ನಾನು ಸದ್ದಿಲ್ಲದೆ ಪರದೆ ನೋಡಿ ಬರೆದುಕೊಳ್ಳಬೇಕು. ಹಲಗೆಯ ಅಂಚು ನೆಲದಿಂದ ಒಂದು ಬೆರಳಿನಷ್ಟು ಮೇಲಿದೆ, ಕಾರ್ಪೆಟ್ ಹಾಸಿದರೆ ಉಬ್ಬು ಕಾಣುತ್ತದೆ. ಅದಕ್ಕೂ ಈ ಮಹಾನುಭಾವ ಉಪಾಯ ಕಂಡುಹಿಡಿದಿದ್ದ. ಬಡಗಿಯನ್ನು ಕರೆಸಿ, ಹಲಗೆಯ ಮೇಲೆ ಅಗಲವಾದ ಪ್ಲೈವುಡ್ ಇಡಿಸಿ, ಅದರ ನಾಲ್ಕೂ ಕಡೆಯನ್ನು ನೆಲಕ್ಕೆ ಮೊಳೆ ಹೊಡೆಸಿ, ಮೇಲೆ ಕಾರ್ಪೆಟ್ ಎಳೆಸಿದ. ಪರದೆಯ ಮೇಲೆ ಏನೋ ಅಂಕಿ ಬಂತು. ಗುಂಡಿ ಒತ್ತಿ ಅದನ್ನು ಸೊನ್ನೆಗೆ ತಂದ. ಕೈ ಒರೆಸಿಕೊಂಡು, "ಹೇಗಿದೆ?" ಎಂದ.

ಬಡಗಿ ನನ್ನ ಮುಖ ನೋಡಿದ. ಅವನಿಗೂ ಅನುಮಾನ ಬಂದಿರಬೇಕು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಸೋಮವಾರ ಮೊದಲು ಬಂದು ನಿಂತವನು ಔಷಧಿ ಅಂಗಡಿಯವ. ಪರದೆ ಅರವತ್ತೊಂಬತ್ತು ಎಂದಿತು. ಎಪ್ಪತ್ತಾರರ ಮನುಷ್ಯ. ಆಮೇಲೆ ಅಂಚೆಯವಳು, ಐವತ್ತಾರು. ಗುತ್ತಿಗೆದಾರ ಬಂದ, ಅವನಂತೂ ಒಂದೇ ವಾರದಲ್ಲಿ ಎಂಟು ಕೆಜಿ ಇಳಿದಿದ್ದ. ಆರು, ಏಳು, ಎಂಟು. ದಪ್ಪಗಿದ್ದವರಿಗೆ ಹೆಚ್ಚು ರಿಯಾಯಿತಿ. ಇಡೀ ಊರು ಒಂದೇ ರಾತ್ರಿಯಲ್ಲಿ ತೆಳ್ಳಗಾಗುವುದಿಲ್ಲ. ಮೊಳೆ ಹೊಡೆದ ಪ್ಲೈವುಡ್ ಅವರ ಭಾರದಲ್ಲಿ ಒಂದು ಪಾಲನ್ನು ನೆಲಕ್ಕೆ ದಾಟಿಸುತ್ತಿತ್ತು. ಹಲಗೆಗೆ ತಲುಪಿದ್ದು ಉಳಿದದ್ದು ಮಾತ್ರ.

ಮೂರನೆಯ ಪ್ರಯಾಣಿಕನ ಹೊತ್ತಿಗೆ ನನಗೆ ಇದು ಗೊತ್ತಾಯಿತು. ಎದ್ದು ಹೋಗಿ ಮೈದುನನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವನು ಗುಟ್ಟಾಗಿ ಪ್ಲೈವುಡ್ ಕತ್ತರಿಸಿ ಸರಿಮಾಡಿಸಿ, ಬುಧವಾರ ಯಜಮಾನರ ಮುಂದೆ ತನ್ನದೇ ಬುದ್ಧಿ ಎಂದು ಬೆನ್ನು ತಟ್ಟಿಸಿಕೊಳ್ಳುತ್ತಿದ್ದ. ಯಜಮಾನರು ಬರಲಿ, ಅವರನ್ನೇ ಅದರ ಮೇಲೆ ನಿಲ್ಲಿಸಿ ಇವನ ನೀರಿಳಿಸುತ್ತೇನೆ ಅಂದುಕೊಂಡೆ. ಲೋಡ್ ಶೀಟಿನಲ್ಲಿ ಪರದೆ ತೋರಿಸಿದ್ದನ್ನೇ ಬರೆದೆ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಎರಡು ಸಾಲು ಮಾಡಿದೆ: ಎಡಕ್ಕೆ ಕಾರ್ಪೆಟ್ ಹೇಳಿದ ತೂಕ, ಬಲಕ್ಕೆ ನಿಜವಾದ ತೂಕ. ಸಾಕ್ಷಿ ಬೇಕಲ್ಲ. ಅವತ್ತು ಹದಿನಾಲ್ಕೇ ಜನ, ವಿಮಾನವನ್ನು ಬೇಗ ಎತ್ತುವ ಎದುರುಗಾಳಿಯೂ ಚೆನ್ನಾಗಿತ್ತು, ಹಾರಿಹೋಯಿತು.

ಮಂಗಳವಾರ ಹತ್ತೊಂಬತ್ತೂ ಸೀಟು ತುಂಬಿತ್ತು. ದರ್ಜಿ, ಅವನ ಹೆಂಡತಿ, ಇಬ್ಬರು ಮಕ್ಕಳು ಅವತ್ತಿನ ವಿಮಾನದಲ್ಲಿದ್ದರು. ಬಲಗಡೆಯ ಸಾಲು ಕೂಡಿ ನೋಡಿದೆ. ಕಾಗದದ ಪ್ರಕಾರ ಮಿತಿಗಿಂತ ಮೂವತ್ತೆಂಟು ಕೆಜಿ ಕಡಿಮೆ, ನಿಜದಲ್ಲಿ ತೊಂಬತ್ತು ಹೆಚ್ಚು. ಗಾಳಿ ಇದೆ, ಏನೂ ಆಗುವುದಿಲ್ಲ, ಕಂಪನಿಯವರು ಮಿತಿ ಹಾಕುವಾಗಲೇ ಸ್ವಲ್ಪ ಬಿಟ್ಟಿರುತ್ತಾರೆ ಎಂದುಕೊಂಡು ಕಾಗದ ಕಳಿಸಿದೆ. ಕಿಟಕಿಯಲ್ಲಿ ನಿಂತು ನೋಡಿದೆ. ದಿನಾ ಬೇಲಿಯಾಚೆಯ ಗೂಡಂಗಡಿಯ ನೇರಕ್ಕೆ ಮೇಲೇಳುವ ಚಕ್ರಗಳು ಅವತ್ತು ಅದನ್ನು ದಾಟಿ, ಬಿಳಿ ಪಟ್ಟೆಗಳನ್ನು ದಾಟಿ, ಇನ್ನೇನು ಬಂಡೆ ಬಂತು ಅನ್ನುವಾಗ ನೆಲ ಬಿಟ್ಟವು.

ಸಂಜೆ ವಾಪಸ್ ಬಂದ ಕ್ಯಾಪ್ಟನ್ ಚಹಾ ಹೀರುತ್ತಾ, "ಬೆಳಗ್ಗೆ ಯಾಕೋ ಭಾರ ಅನ್ನಿಸ್ತು ಕಣಮ್ಮ" ಎಂದ. ಮೀಸೆ ಒಂದು ಬಿಟ್ಟರೆ ಈ ಮನುಷ್ಯನಲ್ಲಿ ಕ್ಯಾಪ್ಟನ್‌ತನ ಏನೂ ಇಲ್ಲ. ಭಾರ ಅನ್ನಿಸಿದರೆ ಇಳಿದು ಬಂದು ಲೆಕ್ಕ ಕೇಳಬೇಕಪ್ಪ.

"ನಿಮ್ಮ ಹೊಟ್ಟೆ ಭಾರ ಇರಬೇಕು" ಎಂದೆ. ನಕ್ಕು ಚಹಾ ಮುಗಿಸಿದ.

ಬುಧವಾರ ಗಾಳಿಯೇ ಇರಲಿಲ್ಲ. ಗಾಳಿಯ ದಿಕ್ಕು ತೋರಿಸಲು ರನ್‌ವೇ ಪಕ್ಕದಲ್ಲಿ ಕಟ್ಟಿದ ಗಾಳಿಚೀಲ ಒದ್ದೆ ಟವಲಿನಂತೆ ನೇತಾಡುತ್ತಿತ್ತು. ಬೆಳಗಿನ ವಿಮಾನ ಇಳಿಯಿತು. ಯಜಮಾನರು ಇಳಿದರು, ಬಾಗಿ ಇಳಿಯಬೇಕೆಂಬುದನ್ನು ಮರೆತು ತಲೆ ಬಡಿಸಿಕೊಂಡು, ಬಾಗಿಲಿನ ಮೇಲೆ ಸಿಟ್ಟಾದರು. ತಮ್ಮದೇ ವಿಮಾನ, ಎಷ್ಟೆತ್ತರ ಎಂದು ಗೊತ್ತಿಲ್ಲ. ಹಿಂದೆ ನಾಲ್ಕು ಜನ ದೊಡ್ಡೋರು. ಅವರ ಹಿಂದೆ ಬೂಟಿನ ಸದ್ದು ಮಾಡುತ್ತಾ ಇಳಿದವಳು ನನ್ನ ಮಗಳು.

"ಏನೇ ಇದು? ನೀನು ಹೇಗೆ ಬಂದೆ?"

"ಇಲ್ಲಿಗೆ ಬರೋ ಕೋ-ಪೈಲಟ್‌ಗೆ ಹೊಟ್ಟೆ ಕೆಟ್ಟಿದೆ ಅಮ್ಮ. ಬೆಳಗ್ಗೆ ಫೋನ್ ಮಾಡಿ ನನ್ನ ಹಾಕಿದ್ರು. ಸರ್ಪ್ರೈಸ್ ಮಾಡೋಣ ಅಂತ ಹೇಳಲಿಲ್ಲ." ತೋಳು ಚಾಚಿ ತಿರುಗಿ ತೋರಿಸಿದಳು. "ನೋಡು, ಹೊಸ ಯೂನಿಫಾರ್ಮ್. ನಮ್ಮ ದರ್ಜಿ ಮಾಮನೇ ಹೊಲಿದಿದ್ದು. ನಿನ್ನೆ ಆ ಕಡೆ ಬಂದಾಗ ತಂದುಕೊಟ್ಟ. ಅಳತೆ ತಗೊಳ್ದೇನೇ ಹೊಲಿದಿದ್ದಾನೆ, ಎಷ್ಟು ಚೆನ್ನಾಗಿ ಕೂತಿದೆ ನೋಡು."

ನಿಜಕ್ಕೂ ಚೆನ್ನಾಗಿ ಕೂತಿತ್ತು. ಮಧ್ಯಾಹ್ನದ ವಿಮಾನವನ್ನು ನೀನೇ ಒಯ್ಯುತ್ತೀಯಾ ಎಂದು ಕೇಳಿದೆ. ಹೌದು, ಟೇಕಾಫ್ ನಂದೇ, ಕ್ಯಾಪ್ಟನ್ ಬಿಟ್ಟುಕೊಟ್ಟಿದ್ದಾರೆ ಎಂದಳು. ನಾನು ತಿರುಗಿ ಗಾಳಿಚೀಲ ನೋಡಿದೆ.

ಎರಡು ಗಂಟೆ ಯಜಮಾನರು ಕಟ್ಟಡವನ್ನೆಲ್ಲ ಸುತ್ತಿದರು. ಕಕ್ಕಸಿನ ಬಾಗಿಲನ್ನೂ ತೆಗೆದು ನೋಡಿ ತಲೆಯಾಡಿಸಿದರು. ಮೈದುನ ಅವರ ಹಿಂದೆ ಹಿಂದೆ. ಕಾರ್ಪೆಟ್ಟಿನ ಗುಟ್ಟನ್ನು ಅವರ ಕಿವಿಯಲ್ಲಿ ಹೇಳಿದ್ದಾನೆ ಎಂದು ಇಬ್ಬರ ನಗುವಿನಲ್ಲೇ ಗೊತ್ತಾಯಿತು. "ನೋಡಿ, ಇದಕ್ಕೆ ಗೌರವ ಅನ್ನೋದು" ಎಂದು ಯಜಮಾನರು ಅತಿಥಿಗಳಿಗೆ ಹೇಳುತ್ತಿದ್ದರು. ಒಂದೊಂದೂ ಎಂಬತ್ತು ಕೆಜಿ ಮೇಲಿನ ಗೌರವ.

ಮಧ್ಯಾಹ್ನ ಹತ್ತೊಂಬತ್ತು ಜನರೂ ಒಬ್ಬೊಬ್ಬರಾಗಿ ಕೌಂಟರಿಗೆ ಬಂದರು. ಐವರು ಅತಿಥಿಗಳು, ಹದಿನಾಲ್ಕು ಜನ ನಮ್ಮ ಊರಿನವರು. ಅತಿಥಿಗಳನ್ನು ಬೆಳಗ್ಗೆ ಆಚೆ ದಡದಲ್ಲಿ ತೂಗಿದ್ದರು, ಆ ಕಾಗದ ನನ್ನ ಹತ್ತಿರವಿತ್ತು. ಅಲ್ಲಿ ಯಜಮಾನರು ಎಂಬತ್ತೆಂಟು, ಇಲ್ಲಿ ಎಂಬತ್ತು. ಎಲ್ಲರದ್ದನ್ನೂ ಎಡಕ್ಕೂ ಬಲಕ್ಕೂ ಬರೆದು ಕೂಡಿದೆ. ಬಲಗಡೆಯ ಸಾಲು ಮಿತಿಗಿಂತ ನೂರಾ ಹನ್ನೊಂದು ಕೆಜಿ ಹೆಚ್ಚು. ಟಿಕೆಟ್ ಇಲ್ಲದೆ ಇನ್ನಿಬ್ಬರು ಆಳು ಕೂತ ಹಾಗೆ.

ಮಗಳು ಕಾಗದ ಒಯ್ಯಲು ಬಂದಳು. ಅಭ್ಯಾಸಬಲದಿಂದ ಎಡಗಡೆಯ ಅಂಕಿಗಳ ಶೀಟನ್ನೇ ಮುಂದಿಟ್ಟೆನೋ, ಅವಳು ಏನು ಮಾಡುತ್ತಾಳೆ ನೋಡೋಣ ಎಂದು ಇಟ್ಟೆನೋ, ನನಗೇ ತಿಳಿಯದು. ಅವಳು ಕಣ್ಣು ಸಹ ಹಾಯಿಸಲಿಲ್ಲ. ಪೆನ್ನು ತೆಗೆದು ಕೆಳಗೆ ಸಹಿ ಹಾಕಿದಳು.

"ಓದಲ್ವೇನೇ?"

"ನಿನ್ನ ಶೀಟನ್ನ ಯಾರು ಓದ್ತಾರೆ ಅಮ್ಮ? ಕ್ಯಾಪ್ಟನ್ನೇ ಹೇಳಿದ್ರು, ತಕ್ಕಡಿಯಮ್ಮನ ಸಹಿ ಇದ್ರೆ ಕಣ್ಣು ಮುಚ್ಚಿಕೊಂಡು ಹಾಕು ಅಂತ."

ನಾನು ಕಾಗದವನ್ನು ಅವಳ ಕೈಯಿಂದ ಕಸಿದುಕೊಂಡೆ. ಮೇಜಿನ ಕೆಳಗಿದ್ದ ಸುತ್ತಿಗೆ ತೆಗೆದುಕೊಂಡು ಕೌಂಟರಿನ ಈಚೆ ಬಂದು, ಯಜಮಾನರ ಬೂಟಿನ ಪಕ್ಕದಲ್ಲೇ ಕಾರ್ಪೆಟ್ಟಿನ ಅಂಚನ್ನು ಎತ್ತಿ ಪರ್ ಎಂದು ಹರಿದೆ.

"ಅತ್ತಿಗೆ! ಏನ್ ಮಾಡ್ತಿದ್ದೀರಿ? ತಲೆ ಕೆಟ್ಟಿದ್ಯಾ ನಿಮಗೆ?" ಮೈದುನ ಓಡಿಬಂದ.

"ಕೆಟ್ಟಿರೋದು ನಿನ್ನ ತಲೆ ಕಣೋ. ಸರಿ ಆಚೆ."

ಸುತ್ತಿಗೆಯ ಹಿಂಬದಿಯಿಂದ ಮೊಳೆ ಕಿತ್ತೆ. ಪ್ಲೈವುಡ್ ಎತ್ತಿ ಗೋಡೆಗೆ ಒರಗಿಸಿದೆ. ಪರದೆಯನ್ನು ಸೊನ್ನೆ ಮಾಡಿದೆ. ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಪರದೆಯನ್ನು ಜನರ ಕಡೆ ತಿರುಗಿಸಿದೆ.

"ಯಜಮಾನ್ರೇ, ಒಂದು ನಿಮಿಷ ಇಲ್ಲಿ ನಿಂತ್ಕೊಳ್ಳಿ."

"ಏನಮ್ಮಾ ಇದೆಲ್ಲಾ?"

"ನಿಂತ್ಕೊಳ್ಳಿ, ಹೇಳ್ತೀನಿ. ಕಾರ್ಪೆಟ್ ಮೇಲೆ ನೀವು ಎಂಬತ್ತು."

ನಿಂತರು. ಉಸಿರು ಹಿಡಿದಿದ್ದನ್ನು ನಾನು ನೋಡಿದೆ. ಯಜಮಾನರೂ ಅಷ್ಟೇ, ಗುತ್ತಿಗೆದಾರನೂ ಅಷ್ಟೇ. ಪರದೆಯ ಮೇಲೆ ಎಂಬತ್ತೆಂಟು ಕೆಂಪಗೆ ಉರಿಯಿತು. ಹಿಂದಿನ ಸಾಲಿನಲ್ಲಿ ಅಂಚೆಯವಳು ಕಿಸಕ್ಕೆಂದಳು.

ಆಗ ಎಲ್ಲವನ್ನೂ ಹೇಳಿದೆ. ಪ್ಲೈವುಡ್, ಮೊಳೆ, ನೂರಾ ಹನ್ನೊಂದು ಕೆಜಿ, ಗಾಳಿಯಿಲ್ಲದ ಮಧ್ಯಾಹ್ನ, ತುದಿಯ ಬಂಡೆ. ಹೇಳುತ್ತಾ ಹೇಳುತ್ತಾ ನನಗೆ ಎಷ್ಟು ಸುಖವಾಯಿತೆಂದರೆ, ಸುಳ್ಳು ಹೇಳಬಾರದು, ಹಾಲು ಕುಡಿದಷ್ಟು. ಮೈದುನನ ಮುಖ ಸುಣ್ಣ ಬಳಿದಂತಾಗಿತ್ತು. "ಅತ್ತಿಗೆ, ನನಗೇನು ಗೊತ್ತು... ನೀವು ಒಂದು ಮಾತು ಹೇಳಬಹುದಿತ್ತಲ್ಲ..." ಎಂದು ತೊದಲುತ್ತಿದ್ದ. ಅವನ ಮಾತು ಯಾರಿಗೂ ಬೇಕಿರಲಿಲ್ಲ.

ಕ್ಯಾಪ್ಟನ್ ಒಳಗೆ ಬಂದು ವಿಷಯ ಕೇಳಿ ಮೀಸೆ ಒರೆಸಿಕೊಂಡು, ಇಬ್ಬರು ಇಳಿಯಲೇಬೇಕು ಎಂದ. ಯಜಮಾನರು ತಮ್ಮ ಅತಿಥಿಗಳಲ್ಲಿ ಇಬ್ಬರನ್ನು ಸಂಜೆಯ ವಿಮಾನಕ್ಕೆ ನಿಲ್ಲಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡರು. "ನೋಡಿ, ನಮ್ಮ ಕಂಪನಿಗೆ ಬೇಕಾಗಿರೋದು ಇಂಥವರು. ಇವತ್ತಿನಿಂದ ಈ ಸ್ಟೇಷನ್ ಈ ಅಮ್ಮನ ಜವಾಬ್ದಾರಿ." ಎರಡು ಗಂಟೆ ಹಿಂದೆ ಕಾರ್ಪೆಟ್ಟಿಗೆ ತಲೆಯಾಡಿಸಿದ ಅದೇ ತಲೆ. ಆದರೂ ಜನ ಚಪ್ಪಾಳೆ ತಟ್ಟಿದರು. ಬೇಡವೆನ್ನಲು ನಾನೇನು ಹುಚ್ಚಿಯೇ? ಹದಿನೇಳು ವರ್ಷ ಕಾದಿದ್ದ ಕುರ್ಚಿ.

"ಅಮ್ಮ, ಬೇಗ ಹೊಸ ಶೀಟ್ ಬರೀಬೇಕು" ಎಂದಳು ಮಗಳು. ಅವಳ ಕಣ್ಣು ಹೊಳೆಯುತ್ತಿತ್ತು. "ನಿಜವಾದ ತೂಕ ಎಲ್ಲಿದೆ?"

"ಮೇಜಿನ ಮೇಲೆ, ನನ್ನ ನೋಟ್‌ಬುಕ್ಕಲ್ಲಿ. ಬಲಗಡೆ ಸಾಲು ನೋಡು" ಎಂದೆ.

ಹೆಮ್ಮೆಯಿಂದ ಹೇಳಿದೆ. ಯಜಮಾನರ ಕಡೆ ತಿರುಗಿ, ಸಂಜೆಯವರೆಗೆ ಅತಿಥಿಗಳನ್ನು ಎಲ್ಲಿ ಕೂರಿಸುವುದೆಂದು ಮಾತಾಡುತ್ತಿದ್ದೆ. ಅವಳು ಕೌಂಟರಿನ ಹಿಂದೆ ಹೋಗಿ, ಚಿಕ್ಕವಳಿದ್ದಾಗ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ ತೆರೆದಳು. ಸ್ವಲ್ಪ ಹೊತ್ತಾದರೂ ಪೆನ್ನಿನ ಸದ್ದು ಕೇಳಲಿಲ್ಲ.

ತಿರುಗಿ ನೋಡಿದೆ. ಅವಳು ಒಂದು ಪುಟ ಹಿಂದೆ ತಿರುವಿದ್ದಳು. ಆಮೇಲೆ ಇನ್ನೊಂದು.

"ಅಮ್ಮ, ಇದು ನಿನ್ನೆ ತಾರೀಕು."

ನಾನು ಕೌಂಟರಿನ ಮುಂದೆ ಹೋಗಿ ನಿಂತೆ.

"ಇದು ಮೊನ್ನೆದು. ಇಲ್ಲೂ ಎರಡು ಸಾಲು ಇದೆ." ಅವಳ ದನಿ ಮೆಲ್ಲಗಿತ್ತು, ನಮ್ಮಿಬ್ಬರಿಗೆ ಕೇಳುವಷ್ಟೇ. "ನಿನ್ನೆ ತೊಂಬತ್ತು ಕೆಜಿ ಹೆಚ್ಚು ಅಂತ ಕೂಡಿ, ಕೆಳಗೆ ಗೆರೆನೂ ಎಳೆದಿದ್ದೀಯ."

"ನಿನ್ನೆ ಗಾಳಿ ಇತ್ತು ಕಣೇ."

"ಕ್ಯಾಪ್ಟನ್‌ಗೆ ಹೇಳಿದ್ಯಾ?"

"ಅವನಿಗೆ ಹೇಳಿ ಏನು ಪ್ರಯೋಜನ..."

"ದರ್ಜಿ, ಐವತ್ತೆರಡು, ಐವತ್ತೆಂಟು" ಎಂದು ಓದಿದಳು. "ದರ್ಜಿ ಹೆಂಡತಿ. ದೊಡ್ಡ ಮಗು. ಚಿಕ್ಕ ಮಗು." ಅಲ್ಲಿಗೆ ನಿಲ್ಲಿಸಿ ತನ್ನ ಯೂನಿಫಾರ್ಮಿನ ತೋಳನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ನಾನು ಹದಿನೇಳು ವರ್ಷ ಈ ಊರಿನವರನ್ನು ನೋಡಿದ ಹಾಗೆಯೇ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ನಾನೇ ಕಲಿಸಿದ್ದು.

"ನಿನ್ನ ಮೇಲಿರೋ ಪ್ರೀತಿಗೆ ಕಣೇ ಇವತ್ತು..." ಎಂದು ಶುರುಮಾಡಿದೆ. ನನ್ನ ಕಿವಿಗೇ ಅದು ಅಸಹ್ಯವಾಗಿ ಕೇಳಿಸಿತು. ಗುತ್ತಿಗೆದಾರ ಬೆರಳಿನಿಂದ ಅಂಚು ಒತ್ತುವ ಹಾಗೆ.

ಅವಳು ನೋಟ್‌ಬುಕ್ ಮುಚ್ಚಿ ಪಕ್ಕಕ್ಕೆ ಸರಿಸಿದಳು. ಹೊಸ ಲೋಡ್ ಶೀಟ್ ತೆಗೆದುಕೊಂಡಳು. ಜನರ ಕಡೆ ಇದ್ದ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಬರೆದಿದ್ದೀನಲ್ಲೇ, ಎಲ್ಲಾ ಸರಿಯಾಗಿದೆ. ಅದನ್ನೇ ನೋಡಿ ಬರ್ಕೋ" ಎಂದೆ.

"ಬೇಡ. ಎಲ್ಲರನ್ನೂ ಮತ್ತೆ ತೂಗ್ತೀನಿ. ನಾನೇ ನೋಡಿ ಬರ್ಕೋತೀನಿ." ಆಮೇಲೆ ಜನರತ್ತ ತಿರುಗಿ, "ಒಬ್ಬೊಬ್ಬರಾಗಿ ಬನ್ನಿ" ಎಂದು ಕರೆದಳು.

ಔಷಧಿ ಅಂಗಡಿಯವ ಚೀಲ ಕೆಳಗಿಟ್ಟು ಮುಂದೆ ಬಂದು ನಿಂತುಕೊಂಡ. ಹಲಗೆ ಹತ್ತಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ಯಾಕೆಂದು ತಿಳಿಯಲಿಲ್ಲ. ಉಸಿರು ಹಿಡಿದುಕೊಂಡು ನಿಂತೇ ಇದ್ದೆ.

ಮಗಳು ಪರದೆಯಿಂದ ತಲೆ ಎತ್ತಲಿಲ್ಲ.

"ಹಲಗೆಯಿಂದ ಇಳಿ ಅಮ್ಮ" ಎಂದಳು. "ಜನ ಕಾಯ್ತಿದ್ದಾರೆ."